ನಮ್ಮ ನೋವಿನ ಲೆಕ್ಕ ಬರೆಯುವವರು ಯಾರು?

ಹೋದ ತಿಂಗಳು ನಮ್ಮ ಸಂಘದ ವಾರದ ಸಭೆ ಮುಗಿದರೂ ಯಾರೂ ಮನೆಗೆ ಏಳಲಿಲ್ಲ. ಉಳಿತಾಯದ ಹಣ ಕಟ್ಟಿಯಾಗಿತ್ತು, ನಿರ್ಣಯ ಪುಸ್ತಕಕ್ಕೆ ಸಹಿಯೂ ಬಿದ್ದಿತ್ತು. ಆದರೆ ನಮ್ಮ ಸದಸ್ಯೆಯೊಬ್ಬರು ಕೈಯಲ್ಲಿ ಒಂದು ಕಾಗದ ಹಿಡಿದು ಕುಳಿತೇ ಇದ್ದರು. ಅವರ ಮಗಳಿಗೆ ಬೆಂಗಳೂರಿನ ನೆರವು ಸಂಸ್ಥೆಯೊಂದರಿಂದ ಆರು ತಿಂಗಳ ಇಂಟರ್ನ್‌ಶಿಪ್‌ಗೆ ಕರೆ ಬಂದಿತ್ತು. ಇಂಟರ್ನ್‌ಶಿಪ್ ಎಂದರೆ ಕೆಲಸ ಮಾಡುತ್ತಲೇ ಕೆಲಸ ಕಲಿಯುವುದು. ಹುಡುಗಿ ಬಿ.ಎಸ್ಸಿ.ಯಲ್ಲಿ ಸಂಖ್ಯಾಶಾಸ್ತ್ರ ಓದಿದವಳು. ನೆರೆ ಬಂದ ಊರುಗಳಿಂದ, ನಿರಾಶ್ರಿತರ ಶಿಬಿರಗಳಿಂದ, ನಮ್ಮಂಥ ಸಂಘಗಳಿಂದ ಬರುವ ಮಾಹಿತಿಯನ್ನು ಕಂಪ್ಯೂಟರಿನಲ್ಲಿ ಒಟ್ಟು ಮಾಡಿ, ಜೋಡಿಸಿ, ಅದರಿಂದ ಏನು ತಿಳಿಯುತ್ತದೆ ಎಂದು ಹೇಳುವ ಕೆಲಸ. ‘ಡೇಟಾ ಅನಾಲಿಸಿಸ್’ ಎನ್ನುತ್ತಾರೆ. ನಾವು ಅಂಕಿಅಂಶಗಳ ವಿಶ್ಲೇಷಣೆ ಎನ್ನೋಣ.

ಅದೇ ವಾರ ಅವಳಿಗೆ ಒಂದು ಸಂಬಂಧವೂ ಬಂದಿತ್ತು. ಗಂಡಿನ ಕಡೆಯವರು “ನಮಗೇನೂ ಬೇಡ” ಎಂದೇ ಮಾತು ಶುರು ಮಾಡಿ, ಹೊರಡುವ ಹೊತ್ತಿಗೆ ಬೈಕು, ಚಿನ್ನ, ಛತ್ರದ ಖರ್ಚಿನವರೆಗೂ ಬಂದಿದ್ದರು.

“ಸಂಬಳ ಇಲ್ವಂತೆ ಅಕ್ಕಾ. ರೂಮು, ಊಟ, ಬಸ್ಸು ಎಲ್ಲಾ ನಮ್ಮದೇ. ಎಲ್ಲಿಂದ ತರ್ಲಿ?” ಎಂದರು ತಾಯಿ.

“ಲೆಕ್ಕ ಬರೆಯೋಕೆ ಬೆಂಗಳೂರಿಗೆ ಯಾಕೆ ಹೋಗ್ಬೇಕು? ನಮ್ಮ ಸಂಘದ ಪುಸ್ತಕ ಬರೀಲಿ. ಆರು ತಿಂಗಳು ಈ ಗಂಡು ಕಾಯ್ತಾನಾ?” ಎಂದರು ಇನ್ನೊಬ್ಬರು.

ಈ ಪ್ರಶ್ನೆಗೆ ಉತ್ತರ ಕೊಡಲೆಂದೇ ಈ ಲೇಖನ ಬರೆಯುತ್ತಿದ್ದೇನೆ. ಯಾಕೆಂದರೆ ಇಂಥ ಕರೆ ನಾಳೆ ನಿಮ್ಮ ಮನೆಯ ಹುಡುಗಿಗೂ ಬರಬಹುದು. ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ: ಅವಳು ಹೋಗಬೇಕು. ಹೆಣ್ಣಿನ ಮೇಲಿನ ದೌರ್ಜನ್ಯದ ಲೆಕ್ಕ ಬರೆಯುವ ಮೇಜಿನ ಮುಂದೆ, ಆ ದೌರ್ಜನ್ಯವನ್ನು ಕಂಡ ಮನೆಯಿಂದ ಬಂದವಳು ಕೂರದಿದ್ದರೆ, ಆ ಲೆಕ್ಕ ಎಂದೂ ಸರಿಯಾಗುವುದಿಲ್ಲ.

ಲೆಕ್ಕದಿಂದ ಏನಾಗುತ್ತದೆ?

‘ಸ್ಟೌ ಸಿಡಿದು ಗೃಹಿಣಿ ಸಾವು’ ಎಂಬ ಸುದ್ದಿಯನ್ನು ನಮ್ಮಲ್ಲಿ ಓದದವರು ಯಾರು? ಪತ್ರಿಕೆಯ ಮೂಲೆಯಲ್ಲಿ ನಾಲ್ಕು ಸಾಲು. ಒಂದೊಂದನ್ನೇ ಓದಿದರೆ ಪ್ರತಿಯೊಂದೂ ಆಕಸ್ಮಿಕವೆಂದೇ ಕಾಣುತ್ತದೆ. ಎಲ್ಲವನ್ನೂ ಒಟ್ಟಿಗೆ ಇಟ್ಟು ನೋಡಿದಾಗಲೇ ಪ್ರಶ್ನೆ ಏಳುತ್ತದೆ: ಈ ಸ್ಟೌಗಳು ಸೊಸೆಯ ಕೈಯಲ್ಲೇ ಯಾಕೆ ಸಿಡಿಯುತ್ತವೆ? ಅತ್ತೆಯ ಕೈಯಲ್ಲಿ, ಮಾವನ ಕೈಯಲ್ಲಿ ಯಾಕೆ ಸಿಡಿಯುವುದಿಲ್ಲ?

ಬೆಂಗಳೂರಿನ ವಿಮೋಚನಾ ಸಂಘಟನೆಯ ಗೆಳತಿಯರು 1990ರ ದಶಕದಲ್ಲಿ ಈ ಪ್ರಶ್ನೆಯನ್ನು ಹಿಡಿದು ಹೊರಟರು. ವಿಕ್ಟೋರಿಯಾ ಆಸ್ಪತ್ರೆಯ ಸುಟ್ಟಗಾಯದ ವಾರ್ಡಿನಲ್ಲಿ ಹಾಸಿಗೆಯಿಂದ ಹಾಸಿಗೆಗೆ ಹೋದರು. ಪೊಲೀಸ್ ದಾಖಲೆಗಳನ್ನು ತೆಗೆಸಿ ಓದಿದರು. 1997ರ ಒಂದೇ ವರ್ಷದಲ್ಲಿ ಬೆಂಗಳೂರಿನಲ್ಲಿ ಹೆಂಗಸರ 1,133 ಅಸಹಜ ಸಾವುಗಳು ದಾಖಲಾಗಿದ್ದವು. ಅವುಗಳಲ್ಲಿ ಕೊಲೆ ಎಂದು ಪರಿಗಣಿಸಿದ್ದು 157 ಮಾತ್ರ. 546 ಸಾವುಗಳು ‘ಆತ್ಮಹತ್ಯೆ’ಯ ಪಟ್ಟಿಗೆ, 430 ‘ಅಪಘಾತ’ದ ಪಟ್ಟಿಗೆ ಹೋಗಿದ್ದವು. ಈ ಕೊನೆಯ ಎರಡು ಪಟ್ಟಿಗಳ ಹೆಂಗಸರು ಹೇಗೆ ಸತ್ತರು ಎಂದು ಸರಿಯಾಗಿ ವಿಚಾರಿಸಿದವರು ಕಡಿಮೆ. ಆ ಗೆಳತಿಯರು ಮಾಡಿದ್ದು ಇದೇ ಕೆಲಸ, ಅಂಕಿಅಂಶಗಳ ವಿಶ್ಲೇಷಣೆ. ಆಗ ಅದಕ್ಕೆ ಈ ಹೆಸರಿರಲಿಲ್ಲ, ಅಷ್ಟೆ.

ಇನ್ನೊಂದು ಉದಾಹರಣೆ. 2009ರಲ್ಲಿ ಲ್ಯಾನ್ಸೆಟ್ ಎಂಬ ವೈದ್ಯಕೀಯ ಪತ್ರಿಕೆಯಲ್ಲಿ ಒಂದು ಅಧ್ಯಯನ ಪ್ರಕಟವಾಯಿತು. ಅದನ್ನು ಮಾಡಿದವರು ಪೊಲೀಸ್ ಲೆಕ್ಕವೊಂದನ್ನೇ ನಂಬದೆ, ನಗರಗಳ ಸಾವಿನ ದಾಖಲೆಗಳನ್ನೂ ಹಳ್ಳಿಗಳಲ್ಲಿ ಸಾವಿನ ಕಾರಣ ಕೇಳಿ ಬರೆದ ಸಮೀಕ್ಷೆಗಳನ್ನೂ ಜೊತೆಗಿಟ್ಟು ನೋಡಿದರು. 2001ರಲ್ಲಿ ಭಾರತದಲ್ಲಿ ಬೆಂಕಿಯಿಂದ ಸತ್ತವರು ಸುಮಾರು 1,63,000 ಮಂದಿ ಎಂದು ಅಂದಾಜಾಯಿತು. ಇದು ಪೊಲೀಸ್ ಲೆಕ್ಕದ ಆರು ಪಟ್ಟು. ಅವರಲ್ಲಿ ಸುಮಾರು 1,06,000 ಮಂದಿ ಹೆಂಗಸರು. ಹೆಚ್ಚಿನವರು 15ರಿಂದ 34 ವರ್ಷದೊಳಗಿನವರು. ಇವೆಲ್ಲವೂ ವರದಕ್ಷಿಣೆ ಸಾವುಗಳೆಂದು ಆ ಅಧ್ಯಯನ ಹೇಳಲಿಲ್ಲ, ನಾವೂ ಹೇಳಬಾರದು. ಆದರೆ ಮದುವೆಯಾಗಿ ಹೋಗುವ ವಯಸ್ಸಿನಲ್ಲೇ ಹೆಣ್ಣುಮಕ್ಕಳು ಇಷ್ಟೊಂದು ಸಂಖ್ಯೆಯಲ್ಲಿ ಸುಟ್ಟು ಸಾಯುತ್ತಿದ್ದಾರೆ ಎಂಬುದನ್ನು ಯಾರೂ ಅಲ್ಲಗಳೆಯದಂತೆ ತೋರಿಸಿಕೊಟ್ಟಿದ್ದು ಆ ಲೆಕ್ಕ.

ಲೆಕ್ಕ ತಪ್ಪುವುದು ಎಲ್ಲಿ?

ಹಾಗೆಂದು ಅಂಕಿಗಳು ತಾವಾಗಿಯೇ ಸತ್ಯ ಹೇಳುತ್ತವೆ ಎಂದುಕೊಳ್ಳಬೇಡಿ. ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯನ್ನೇ ನೋಡಿ. 2015–16ರ ಸುತ್ತಿನಲ್ಲಿ ಕರ್ನಾಟಕದ ಮದುವೆಯಾದ ಹೆಂಗಸರಲ್ಲಿ ಗಂಡನಿಂದ ಹಿಂಸೆ ಅನುಭವಿಸಿದ್ದೇವೆ ಎಂದವರು ಸುಮಾರು ಶೇ. 20. ಮುಂದಿನ ಸುತ್ತಿನಲ್ಲಿ, ಅಂದರೆ 2019–21ರಲ್ಲಿ, ಅದು ಸುಮಾರು ಶೇ. 44. ಆ ಸುತ್ತಿನಲ್ಲಿ ಇಡೀ ದೇಶದ ಲೆಕ್ಕ ಸುಮಾರು ಶೇ. 29. ಕೆಲವರು ಇದು ಕೊರೋನಾ ಲಾಕ್‌ಡೌನಿನ ಪರಿಣಾಮ ಎಂದರು. ಆದರೆ ನಮ್ಮ ರಾಜ್ಯದಲ್ಲಿ ಆ ಸಮೀಕ್ಷೆ 2019ರಲ್ಲೇ, ಲಾಕ್‌ಡೌನಿಗೆ ಮೊದಲೇ ಮುಗಿದಿತ್ತು. ಹಾಗಾದರೆ ನಾಲ್ಕೈದು ವರ್ಷದಲ್ಲಿ ಗಂಡಂದಿರ ಹೊಡೆತ ಇಮ್ಮಡಿಯಾಯಿತೇ? ಅಥವಾ ಮೊದಲು ಬಾಯಿ ಕಟ್ಟಿಕೊಂಡಿದ್ದವರು ಈಗ ಮಾತಾಡಿದರೇ? ಕೇಳಿದ ರೀತಿ ಬದಲಾಯಿತೇ? ಅಂಕಿ ಅಲ್ಲಿಗೆ ನಿಲ್ಲುತ್ತದೆ. ಮುಂದಿನದನ್ನು ಮನುಷ್ಯರೇ ಹುಡುಕಬೇಕು.

ಹಿಂಸೆಯ ಪ್ರಶ್ನೆಗಳನ್ನು ಆ ಸಮೀಕ್ಷೆಯಲ್ಲಿ ಒಂದು ಮನೆಯಲ್ಲಿ ಒಬ್ಬ ಹೆಂಗಸಿಗೆ ಮಾತ್ರ ಕೇಳುತ್ತಾರೆ. ಅದೂ ಏಕಾಂತ ಸಿಕ್ಕಿದರೆ ಮಾತ್ರ. ಅತ್ತೆ ಬಾಗಿಲಲ್ಲೇ ಕೂತಿದ್ದರೆ ಕೇಳುವುದಿಲ್ಲ, ಆ ಜಾಗ ಖಾಲಿ ಬಿಡುತ್ತಾರೆ. ಇದು ಸರಿಯಾದ ನಿಯಮ. ಆದರೆ ಎಲ್ಲ ಸಮೀಕ್ಷೆಗಳೂ ಇಷ್ಟು ಎಚ್ಚರದಿಂದ ನಡೆಯುವುದಿಲ್ಲ. ಕಂಪ್ಯೂಟರಿನ ಮುಂದೆ ಕೂತವರು ‘ಉತ್ತರವಿಲ್ಲ’ ಎಂಬುದನ್ನು ‘ಹಿಂಸೆ ಇಲ್ಲ’ ಎಂದು ಸೇರಿಸಿಬಿಟ್ಟರೆ ಏನಾಗುತ್ತದೆ? ಬಾಯಿ ಬಿಡಲೂ ಆಗದಷ್ಟು ಹೆದರಿದವಳ ಮನೆ ವರದಿಯಲ್ಲಿ ಸುಖೀ ಸಂಸಾರವಾಗುತ್ತದೆ. ಖಾಲಿ ಜಾಗ ಕಂಡಾಗ ನಿಂತು “ಇದು ಯಾಕೆ ಖಾಲಿ?” ಎಂದು ಕೇಳುವವಳು ಅಲ್ಲಿ ಬೇಕು.

ಹಸು ಇಲ್ಲದ ಹಸುವಿನ ಸಾಲ

ಹೋದ ವರ್ಷ ನಮ್ಮ ಪಕ್ಕದ ಊರಿನ ಸಂಘದವರ ಮಗಳೊಬ್ಬಳು ಇಂಥದೇ ತರಬೇತಿಗೆ ಹೋಗಿ ಬಂದಳು. ಆ ಸಂಸ್ಥೆಯವರು ಸ್ವಸಹಾಯ ಸಂಘಗಳ ಸಾಲದ ಬಗ್ಗೆ ವರದಿ ತಯಾರಿಸುತ್ತಿದ್ದರು. ಸಾಲ ಸರಿಯಾಗಿ ಮರುಪಾವತಿಯಾದರೆ ಹೆಂಗಸರು ಸಬಲರಾಗಿದ್ದಾರೆ ಎಂಬುದು ಅವರ ಲೆಕ್ಕಾಚಾರ. ‘ಸಾಲದ ಉದ್ದೇಶ’ ಎಂಬ ಕಾಲಮ್ಮಿನಲ್ಲಿ ‘ಹೈನುಗಾರಿಕೆ’ ಎಂದು ಬಹಳ ಕಡೆ ಬರೆದಿತ್ತು. ಅದೇ ಸಮೀಕ್ಷೆಯಲ್ಲಿ ‘ಮನೆಯಲ್ಲಿ ಎಷ್ಟು ಹಸು, ಎಮ್ಮೆ ಇವೆ?’ ಎಂಬ ಪ್ರಶ್ನೆಯೂ ಇತ್ತು. ಈ ಹುಡುಗಿ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದಳು. ಹಸುವಿಗೆ ಸಾಲ ತೆಗೆದ ಎಷ್ಟೋ ಮನೆಗಳಲ್ಲಿ ಹಸುವೇ ಇರಲಿಲ್ಲ. ಸಾಲ ಎತ್ತಿದ ತಿಂಗಳು ನೋಡಿದರೆ, ಮದುವೆ ಕಾಲಕ್ಕೆ ಸ್ವಲ್ಪ ಮುಂಚೆ.

ಮೇಲಿನವರು, “ಬರೆದುಕೊಂಡವರು ತಪ್ಪು ಮಾಡಿದ್ದಾರೆ, ಈ ಸಾಲುಗಳನ್ನು ತೆಗೆದುಹಾಕು” ಎಂದರಂತೆ. ಹುಡುಗಿ ಹೇಳಿದಳಂತೆ: “ತಪ್ಪಲ್ಲ ಸಾರ್. ನಮ್ಮವ್ವನೂ ಹಸುವಿನ ಸಾಲ ತೆಗೆದಿದ್ದಾರೆ. ಅದು ನಮ್ಮ ಅಕ್ಕನ ಗಂಡನಿಗೆ ಕೊಟ್ಟ ಬೈಕು.”

ಅದು ವರದಿಯ ಕೊನೆಯಲ್ಲಿ ಒಂದು ಪ್ಯಾರಾ ಆಗಿ ಸೇರಿತು. ಒಂದೇ ಪ್ಯಾರಾ. ಆದರೆ ಅವಳು ಅಲ್ಲಿ ಇರದಿದ್ದರೆ ಅದೂ ಇರುತ್ತಿರಲಿಲ್ಲ. ವರದಕ್ಷಿಣೆಗೆ ಹೋದ ಸಾಲವೆಲ್ಲ ‘ಮಹಿಳಾ ಸಬಲೀಕರಣ’ ಎಂದು ಅಚ್ಚಾಗಿ ದೆಹಲಿಗೂ ಜಿನೀವಾಕ್ಕೂ ಹೋಗುತ್ತಿತ್ತು.

ಗೆಳತಿಯರೇ, ಇಲ್ಲಿ ನಾವು ನಮ್ಮ ಬೆನ್ನನ್ನೂ ನೋಡಿಕೊಳ್ಳಬೇಕು. ಹಸು ಎಂದು ಬರೆದವರು ಯಾರು? ನಾವೇ. ಆದಾಯ ಬರುವ ಕೆಲಸಕ್ಕೆ ಮಾತ್ರ ಸಾಲ ಎಂದು ಬ್ಯಾಂಕಿನವರು ಹೇಳುತ್ತಾರೆ, ಅದಕ್ಕೆ ಹಾಗೆ ಬರೆಯುತ್ತೇವೆ. 1961ರಲ್ಲೇ ವರದಕ್ಷಿಣೆ ನಿಷೇಧ ಕಾಯ್ದೆ ಬಂದಿದೆ, ತೆಗೆದುಕೊಳ್ಳುವುದೂ ಕೊಡುವುದೂ ಅಪರಾಧ ಎಂದು ನಮ್ಮ ಸಭೆಗಳಲ್ಲೇ ಓದಿದ್ದೇವೆ. ಆದರೆ ನಮ್ಮ ಪುಸ್ತಕದಲ್ಲಿ ಆ ಅಪರಾಧಕ್ಕೆ ಹಸುವಿನ ಹೆಸರಿಟ್ಟು ಬಚ್ಚಿಟ್ಟಿದ್ದೇವೆ.

ಮಾಹಿತಿಯಿಂದ ಅಪಾಯವೂ ಇದೆ

ಹೇಳಿದ ಮಾತು ತಪ್ಪು ಕೈಗೆ ಸಿಕ್ಕಿದರೆ ಹೇಳಿದವಳ ಜೀವಕ್ಕೇ ಸಂಚಕಾರ. ಗಂಡ ಮನೆಗೆ ಬಂದಾಗ ಸಮೀಕ್ಷೆಯ ಕಾಗದ ಮೇಜಿನ ಮೇಲಿದ್ದರೆ ಆ ರಾತ್ರಿ ಏನಾಗಬಹುದು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ವಿಶ್ವ ಆರೋಗ್ಯ ಸಂಸ್ಥೆ 2001ರಲ್ಲಿ ಪ್ರಕಟಿಸಿದ ಮಾರ್ಗಸೂಚಿಯಲ್ಲಿ ಇದನ್ನು ಸ್ಪಷ್ಟವಾಗಿ ಹೇಳಿದೆ: ಉತ್ತರ ಕೊಡುವವಳ ಮತ್ತು ಪ್ರಶ್ನೆ ಕೇಳುವವಳ ಸುರಕ್ಷತೆಯೇ ಎಲ್ಲಕ್ಕಿಂತ ಮೊದಲು. ಇದು ಹೊಡೆತದ ಬಗ್ಗೆ ಸಮೀಕ್ಷೆ ಎಂದು ಮನೆಯವರಿಗೂ ಊರಿಗೂ ಸಾರಿಕೊಂಡು ಹೋಗಬಾರದು. ನೋವು ಹೇಳಿಕೊಂಡವಳಿಗೆ ಎಲ್ಲಿ ಸಹಾಯ ಸಿಗುತ್ತದೆ ಎಂದು ತಿಳಿಸದೆ ಎದ್ದು ಬರಬಾರದು. ಯುದ್ಧ, ವಲಸೆಯ ಜಾಗಗಳಲ್ಲಿ ಕೆಲಸ ಮಾಡುವ ಸಂಸ್ಥೆಗಳು ಸೇರಿ 2006ರಲ್ಲಿ ದೌರ್ಜನ್ಯದ ಮಾಹಿತಿಗೆಂದೇ ಒಂದು ವ್ಯವಸ್ಥೆಯನ್ನು ಆರಂಭಿಸಿದವು. ಅಲ್ಲಿಯೂ ಮೊದಲ ನಿಯಮ, ಆಕೆಯ ಒಪ್ಪಿಗೆ ಇಲ್ಲದೆ ಮಾಹಿತಿ ಮುಂದಕ್ಕೆ ಹೋಗಕೂಡದು ಎಂಬುದು.

ನಿಯಮಗಳಿದ್ದರೂ ತಪ್ಪುಗಳಾಗುತ್ತವೆ. 2022ರ ಜನವರಿಯಲ್ಲಿ ಅಂತರರಾಷ್ಟ್ರೀಯ ರೆಡ್ ಕ್ರಾಸ್ ಸಮಿತಿಯ ಕಂಪ್ಯೂಟರುಗಳಿಗೆ ಕನ್ನ ಹಾಕಿ, 5,15,000ಕ್ಕೂ ಹೆಚ್ಚು ಜನರ ಮಾಹಿತಿಗೆ ಕೈ ಹಾಕಿದರು. ಯುದ್ಧ, ವಿಪತ್ತು, ವಲಸೆಗಳಲ್ಲಿ ಮನೆಯವರಿಂದ ಅಗಲಿದವರು, ಕಾಣೆಯಾದವರು, ಬಂಧನದಲ್ಲಿದ್ದವರು ಅದರಲ್ಲಿದ್ದರು. ಬಾಂಗ್ಲಾದೇಶದ ಶಿಬಿರಗಳಲ್ಲಿ ವಿಶ್ವಸಂಸ್ಥೆಯ ನಿರಾಶ್ರಿತರ ಸಂಸ್ಥೆ ಸಂಗ್ರಹಿಸಿದ ರೋಹಿಂಗ್ಯಾ ನಿರಾಶ್ರಿತರ ಮಾಹಿತಿಯನ್ನು, ಅವರು ಯಾರಿಗೆ ಹೆದರಿ ಓಡಿ ಬಂದರೋ ಆ ಮ್ಯಾನ್ಮಾರ್ ಸರ್ಕಾರಕ್ಕೇ ಬಾಂಗ್ಲಾದೇಶ ಕೊಟ್ಟಿತೆಂದು ಹ್ಯೂಮನ್ ರೈಟ್ಸ್ ವಾಚ್ 2021ರಲ್ಲಿ ವರದಿ ಮಾಡಿತು. ಒಪ್ಪಿಗೆ ಪಡೆದಿದ್ದೆವು ಎಂದು ಆ ಸಂಸ್ಥೆ ಹೇಳಿತು. ಆದರೆ ರೇಷನ್ ಸಿಗುತ್ತದೋ ಇಲ್ಲವೋ ಎಂಬ ಭಯದಲ್ಲಿ ಒತ್ತಿದ ಹೆಬ್ಬೆಟ್ಟನ್ನು ಒಪ್ಪಿಗೆ ಎನ್ನಬಹುದೇ? ಓದದೆ ಹೆಬ್ಬೆಟ್ಟು ಒತ್ತುವುದು ಎಂದರೆ ಏನೆಂದು ನಮ್ಮ ಅಜ್ಜಿಯರಿಗೆ ಚೆನ್ನಾಗಿ ಗೊತ್ತಿತ್ತು. ಹೊಲ ಹೋದದ್ದೂ ಹಾಗೆಯೇ.

ಇದೂ ನಮ್ಮ ಹುಡುಗಿಯರು ಅಲ್ಲಿರಬೇಕು ಎನ್ನುವುದಕ್ಕೆ ಇನ್ನೊಂದು ಕಾರಣ. ಒಂದು ಹೆಸರು, ಒಂದು ಊರು, ಒಂದು ಬೀದಿ ವರದಿಯಲ್ಲಿ ಉಳಿದುಬಿಟ್ಟರೆ ಯಾರ ಮನೆಯಲ್ಲಿ ಏನಾಗಬಹುದು ಎಂಬ ಭಯ ಅವಳ ಹೊಟ್ಟೆಯಲ್ಲಿರುತ್ತದೆ.

ಬಿಟ್ಟಿ ದುಡಿಮೆ ಎಂಬ ಬೇಲಿ

ಹಾಗಾದರೆ ನಮ್ಮ ಹುಡುಗಿಯರು ಅಲ್ಲಿ ಯಾಕೆ ಕಡಿಮೆ? ಬುದ್ಧಿ ಕಡಿಮೆ ಎಂದಲ್ಲ. ಇಂಥ ಎಷ್ಟೋ ಇಂಟರ್ನ್‌ಶಿಪ್‌ಗಳಲ್ಲಿ ಸಂಬಳವಿಲ್ಲ. ಆರು ತಿಂಗಳು ದೊಡ್ಡ ಊರಿನಲ್ಲಿ ಕೈಯಿಂದ ಖರ್ಚು ಮಾಡಿಕೊಂಡು ದುಡಿಯಲು ಯಾರ ಮಗಳಿಗೆ ಸಾಧ್ಯ? ಅಪ್ಪನಿಗೆ ತಿಂಗಳ ಸಂಬಳ ಬರುವ, ನಗರದಲ್ಲಿ ಸ್ವಂತ ಮನೆ ಇರುವ ಮಗಳಿಗೆ. ಅವಳ ಮೇಲೆ ನನಗೆ ಸಿಟ್ಟಿಲ್ಲ. ಆದರೆ ಹಸುವಿನ ಸಾಲ ಕಂಡಾಗ ಅದು ಹಸುವೆಂದೇ ಅವಳು ನಂಬುತ್ತಾಳೆ.

2015ರಲ್ಲಿ ಜಿನೀವಾದಲ್ಲಿ ವಿಶ್ವಸಂಸ್ಥೆಯಲ್ಲಿ ಸಂಬಳವಿಲ್ಲದೆ ಇಂಟರ್ನ್ ಆಗಿದ್ದ ಹುಡುಗನೊಬ್ಬ ಬಾಡಿಗೆ ಕೊಡಲಾಗದೆ ಟೆಂಟಿನಲ್ಲಿ ಮಲಗುತ್ತಿದ್ದ ಸುದ್ದಿ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಅದರ ಮೇಲೆ ಚರ್ಚೆಯಾಯಿತು, ಪ್ರತಿಭಟನೆಯಾಯಿತು. ವಿಶ್ವ ಆರೋಗ್ಯ ಸಂಸ್ಥೆ 2020ರಿಂದ ತನ್ನ ಇಂಟರ್ನ್‌ಗಳಿಗೆ ಭತ್ಯೆ ಕೊಡಲು ಶುರು ಮಾಡಿತು. ಅಂದರೆ ಕೇಳಿದರೆ ಸಿಗುತ್ತದೆ. ಒಬ್ಬ ಹುಡುಗ ಟೆಂಟಿನಲ್ಲಿ ಮಲಗಿದರೆ ಸುದ್ದಿ. ನಮ್ಮ ಹುಡುಗಿ ಟೆಂಟಿನಲ್ಲಿ ಮಲಗಲೂ ಆಗುವುದಿಲ್ಲ, ಕಾಗದವನ್ನು ಮಡಿಚಿ ಟ್ರಂಕಿನಲ್ಲಿಟ್ಟು ಸುಮ್ಮನಾಗುತ್ತಾಳೆ. ಅದು ಸುದ್ದಿಯಾಗುವುದಿಲ್ಲ.

ಮನೆಯಲ್ಲಿ ಹೆಂಗಸಿನ ದುಡಿಮೆಗೆ ಬೆಲೆ ಇಲ್ಲ ಎಂದು ವರದಿ ಬರೆಯುವ ಸಂಸ್ಥೆಯೇ, ಆ ವರದಿಯ ಲೆಕ್ಕ ಮಾಡಿದ ಹುಡುಗಿಗೆ ಬಸ್ಸಿನ ಖರ್ಚನ್ನೂ ಕೊಡದಿದ್ದರೆ ಅದನ್ನು ಏನೆನ್ನಬೇಕು?

ನಾವು ಕೇಳಬೇಕಾದ್ದು

ನಮ್ಮಲ್ಲಿಗೆ ಮಾಹಿತಿ ಕೇಳಿಕೊಂಡು ಬರುವವರು ಬಹಳ. ಚಾಪೆ ಹಾಸಿ, ಟೀ ಕೊಟ್ಟು, ಕೇಳಿದ್ದಕ್ಕೆಲ್ಲ ಉತ್ತರ ಹೇಳಿ ಕಳಿಸುತ್ತೇವೆ. ಇನ್ನು ಮುಂದೆ ನಾವೂ ನಾಲ್ಕು ಮಾತು ಕೇಳೋಣ.

ಒಂದು, ಈ ಮಾಹಿತಿ ಯಾರಿಗಾಗಿ, ಯಾತಕ್ಕಾಗಿ, ಯಾರು ನೋಡುತ್ತಾರೆ? ಉತ್ತರ ಕೊಡದಿದ್ದರೆ ಯಾವ ಸೌಲಭ್ಯವೂ ತಪ್ಪುವುದಿಲ್ಲ ಎಂದು ಮೊದಲೇ ಹೇಳಬೇಕು.

ಎರಡು, ಹೊಡೆತದ ಬಗ್ಗೆ ಕೇಳುವುದಾದರೆ ತರಬೇತಾದ ಹೆಂಗಸರೇ ಬರಲಿ, ಏಕಾಂತದಲ್ಲಿ ಕೇಳಲಿ. ಯಾರಾದರೂ ಒಳಗೆ ಬಂದರೆ ಅಲ್ಲಿಗೇ ನಿಲ್ಲಿಸಲಿ. 2005ರ ಕೌಟುಂಬಿಕ ದೌರ್ಜನ್ಯ ತಡೆ ಕಾಯ್ದೆಯ ರಕ್ಷಣಾಧಿಕಾರಿ ಎಲ್ಲಿ ಸಿಗುತ್ತಾರೆ, ಸಖಿ ಕೇಂದ್ರ ಎಲ್ಲಿದೆ, 181 ಸಹಾಯವಾಣಿಗೆ ಹೇಗೆ ಕರೆ ಮಾಡಬೇಕು ಎಂದು ಬಾಯಲ್ಲಿ ಹೇಳಿ ಹೋಗಲಿ. ಕಾಗದ ಬಿಟ್ಟು ಹೋಗುವುದು ಬೇಡ.

ಮೂರು, ನಮ್ಮಿಂದ ತೆಗೆದುಕೊಂಡು ಹೋದ ಲೆಕ್ಕ ನಮ್ಮಲ್ಲಿಗೆ ವಾಪಸು ಬರಲಿ. ಕನ್ನಡದಲ್ಲಿ, ನಮ್ಮ ಸಭೆಯಲ್ಲಿ ಓದಲಿ. ತಪ್ಪಿದ್ದರೆ ತಪ್ಪೆಂದು ಹೇಳುವ ಹಕ್ಕು ನಮಗಿರಲಿ.

ನಾಲ್ಕು, ಆ ಲೆಕ್ಕ ಮಾಡುವವರಲ್ಲಿ ಸಂಘದ ಮನೆಗಳ ಹುಡುಗಿಯರಿಗೂ ಜಾಗವಿರಲಿ, ಊಟಕ್ಕೆ ಬಾಡಿಗೆಗೆ ಆಗುವಷ್ಟು ಭತ್ಯೆಯೂ ಇರಲಿ.

ಇನ್ನು ನಮ್ಮ ಸಭೆಗೆ ಬರುತ್ತೇನೆ. ಆ ದಿನ ಬಹಳ ಹೊತ್ತು ಮಾತಾಯಿತು. ಮದುವೆಗಾದರೆ ಸಾಲ ಕೊಡಲು ನಾವು ಯಾರೂ ಎರಡು ಸಲ ಯೋಚಿಸುವುದಿಲ್ಲ, ಇದಕ್ಕೆ ಯಾಕೆ ಇಷ್ಟು ಯೋಚನೆ ಎಂದು ವಯಸ್ಸಾದ ಸದಸ್ಯೆಯೊಬ್ಬರು ಕೇಳಿದರು. ಬೈಕಿಗೆ ಬೀಳುವ ದುಡ್ಡಿಗಿಂತ ಆರು ತಿಂಗಳ ಖರ್ಚು ಎಷ್ಟೋ ಕಡಿಮೆ ಎಂದು ಬೆರಳೆಣಿಸಿ ಲೆಕ್ಕ ಹಾಕಿದವರೂ ಅವರೇ. ಅವರು ಶಾಲೆಯ ಮೆಟ್ಟಿಲು ಹತ್ತಿದವರಲ್ಲ. ಕೊನೆಗೆ ಸಂಘದ ನಿಧಿಯಿಂದ ಸಾಲ ಕೊಡುವುದೆಂದು ನಿರ್ಣಯವಾಯಿತು. ಭತ್ಯೆ ಕೊಡಬೇಕೆಂದು ಆ ಸಂಸ್ಥೆಗೆ ಸಂಘದ ಪರವಾಗಿ ಪತ್ರವನ್ನೂ ಬರೆದಿದ್ದೇವೆ. ಉತ್ತರ ಇನ್ನೂ ಬಂದಿಲ್ಲ. ಗಂಡಿನ ಕಡೆಯವರಿಗೂ ನಮ್ಮಿಂದ ಉತ್ತರ ಹೋಗಿಲ್ಲ. ತಾಯಿ ಇನ್ನೂ ಅಳುಕುತ್ತಿದ್ದಾರೆ, ಅದು ಸಹಜ.

ನಿರ್ಣಯ ಪುಸ್ತಕ ಬರೆಯುವವಳು ‘ಸಾಲದ ಉದ್ದೇಶ’ ಎಂಬ ಕಡೆ ಪೆನ್ನು ಹಿಡಿದು, “ಹೈನುಗಾರಿಕೆ ಅಂತ ಬರೀಲಾ?” ಎಂದು ಅಭ್ಯಾಸಬಲದಿಂದ ಕೇಳಿದಳು. ಎಲ್ಲರೂ ನಕ್ಕೆವು. ಆಮೇಲೆ ಇದ್ದದ್ದನ್ನು ಇದ್ದಂತೆ ಬರೆಸಿದೆವು: ಮಗಳ ತರಬೇತಿಯ ಖರ್ಚು.

ನಿಮ್ಮ ಸಂಘದಲ್ಲಿಯೂ ಈ ವಾರ ಪುಸ್ತಕ ತೆರೆದು ಆ ಕಾಲಮ್ಮನ್ನು ಒಮ್ಮೆ ಓದಿ ನೋಡಿ. ಅಲ್ಲಿರುವ ಹಸುಗಳಲ್ಲಿ ಎಷ್ಟು ಹಾಲು ಕೊಡುತ್ತವೆ ಎಂದು ನಿಮ್ಮಲ್ಲೇ ಕೇಳಿಕೊಳ್ಳಿ. ನಮ್ಮ ಬದುಕಿನ ಲೆಕ್ಕ ಬೇರೆಯವರು ತಪ್ಪು ಬರೆಯುತ್ತಾರೆ ಎಂದು ದೂರುವ ಮೊದಲು, ನಮ್ಮ ಪುಸ್ತಕದಲ್ಲಿ ನಾವು ಸರಿಯಾಗಿ ಬರೆಯೋಣ. ಆಮೇಲೆ ನಮ್ಮ ಹೆಣ್ಣುಮಕ್ಕಳನ್ನು ಆ ದೊಡ್ಡ ಮೇಜಿಗೆ ಕಳಿಸೋಣ.